ಮೊದಲೇ ಏಕೆ ಹೊರಟುಬಿಡಲಿಲ್ಲ?

ಹಿಟ್ಲರನ ಕಾಲದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಎಲ್ಲವೂ ಕಣ್ಣೆದುರಿಗೇ ನಡೆಯುತ್ತಿತ್ತಲ್ಲ, ಆ ಯೆಹೂದಿಗಳು ಮೊದಲೇ ಏಕೆ ಹೊರಟುಬಿಡಲಿಲ್ಲ? ಕೇಳುವವರ ದನಿಯಲ್ಲಿ ಮರುಕವಿರುತ್ತದೆ. ಮರುಕದ ಅಡಿಯಲ್ಲಿ ಸಣ್ಣದೊಂದು ಆಕ್ಷೇಪವೂ ಇರುತ್ತದೆ. ನಾವಾಗಿದ್ದರೆ ಅಷ್ಟು ಹೊತ್ತಿಗೆ ಪೆಟ್ಟಿಗೆ ಕಟ್ಟಿಕೊಂಡು ಗಡಿ ದಾಟಿರುತ್ತಿದ್ದೆವು ಎಂಬ ಭಾವ.

ಉತ್ತರಕ್ಕಾಗಿ ನಮಗೆಲ್ಲ ಪರಿಚಯವಿರುವ ಒಂದು ಮನೆಯನ್ನೇ ನೋಡೋಣ. ಆನ್ ಫ್ರಾಂಕ್ ಎಂಬ ಹುಡುಗಿ ಆಮ್‌ಸ್ಟರ್‌ಡ್ಯಾಮಿನ ಅಡಗುತಾಣದಲ್ಲಿ ಕುಳಿತು ದಿನಚರಿ ಬರೆದದ್ದು ಶಾಲೆಯ ಮಕ್ಕಳಿಗೂ ಗೊತ್ತು. ಅವಳ ತಂದೆ ಒಟ್ಟೊ ಫ್ರಾಂಕ್ ಮೊದಲೇ ಹೊರಟವರು ಎಂಬುದು ಮಾತ್ರ ಹೆಚ್ಚಿನವರಿಗೆ ನೆನಪಿರುವುದಿಲ್ಲ. ಹಿಟ್ಲರ್ ಅಧಿಕಾರಕ್ಕೆ ಬಂದದ್ದು 1933ರ ಜನವರಿ 30ರಂದು. ಅದೇ ವರ್ಷ ಒಟ್ಟೊ ಫ್ರಾಂಕ್‌ಫರ್ಟ್ ಬಿಟ್ಟು ಹಾಲೆಂಡಿಗೆ ಹೋಗಿ, ಜಾಮ್ ಗಟ್ಟಿಯಾಗಲು ಹಾಕುವ ಪೆಕ್ಟಿನ್ ಮಾರುವ ವ್ಯಾಪಾರ ಶುರು ಮಾಡಿದರು. ಡಿಸೆಂಬರಿನಲ್ಲಿ ಹೆಂಡತಿ ಎಡಿತ್ ಮತ್ತು ಹಿರಿಮಗಳು ಮಾರ್ಗೊ ಬಂದು ಸೇರಿದರು. 1934ರ ಫೆಬ್ರವರಿಯಲ್ಲಿ ನಾಲ್ಕು ವರ್ಷದ ಆನ್. ಒಟ್ಟೊ ಅವರ ತಾಯಿ ಅದಾಗಲೇ ಸ್ವಿಟ್ಜರ್ಲೆಂಡಿನ ಬಾಸೆಲ್ ಸೇರಿದ್ದರು, ಅಣ್ಣ ಲಂಡನ್ನಿನಲ್ಲಿದ್ದರು. 1939ರಲ್ಲಿ ವೃದ್ಧ ಅತ್ತೆಯನ್ನೂ ಜರ್ಮನಿಯಿಂದ ಕರೆಸಿಕೊಂಡರು. ಮುಂದಾಲೋಚನೆಯ ಗೃಹಸ್ಥನೊಬ್ಬ ಮಾಡಬೇಕಾದುದನ್ನೆಲ್ಲ ಈ ಮನುಷ್ಯ ಮಾಡಿದ್ದರು. ಆದರೂ 1942ರ ಜುಲೈನಲ್ಲಿ ಸಂಸಾರ ಸಮೇತ ಕಪಾಟಿನ ಹಿಂದೆ ಬಚ್ಚಿಟ್ಟುಕೊಳ್ಳಬೇಕಾಯಿತು.

ಹಾಗೆ ನೋಡಿದರೆ ‘ಹೊರಡಲಿಲ್ಲ’ ಎಂಬ ಮಾತೇ ತಪ್ಪು. 1933ರಲ್ಲಿ ಜರ್ಮನಿಯಲ್ಲಿದ್ದ ಯೆಹೂದಿಗಳು ಸುಮಾರು 5,23,000. ದೇಶದ ಜನಸಂಖ್ಯೆಯ ಶೇ. 1ಕ್ಕಿಂತ ಕಡಿಮೆ. ಆ ಮೊದಲ ವರ್ಷವೇ ಸುಮಾರು 37,000 ಮಂದಿ ದೇಶ ಬಿಟ್ಟರು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನ ಹೊರಟುಹೋಗಿದ್ದರು. ಹೊರಡದವರಲ್ಲಿ ಬಹುಪಾಲು ಮಂದಿ ಯಾವುದೋ ಒಂದು ಕಾಗದಕ್ಕಾಗಿ ಕಾಯುತ್ತಿದ್ದರು. ಆ ಕಾಗದಗಳ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತಿತ್ತು ಎಂಬುದು ತಿಳಿಯದಿದ್ದರೆ ಉಳಿದ ಯಾವುದೂ ಅರ್ಥವಾಗುವುದಿಲ್ಲ.

ಹೋಗು ಎನ್ನುವವನೇ ಸುಂಕ ಕೇಳಿದಾಗ

ಸರ್ವಾಧಿಕಾರಗಳಲ್ಲಿ ಎರಡು ಬಗೆ. ಪ್ರಜೆಗಳನ್ನು ಒಳಗೇ ಕೂಡಿಹಾಕುವುದು ಒಂದು. ಪೂರ್ವ ಜರ್ಮನಿ 1961ರ ಆಗಸ್ಟ್ 13ರಂದು ಬರ್ಲಿನ್ನಿನ ನಡುವೆ ಬೇಲಿ ಎಳೆದು ಗೋಡೆ ಕಟ್ಟತೊಡಗಿದ್ದು ಈ ಬಗೆ. ಮುಂದೆ ಪಶ್ಚಿಮ ಜರ್ಮನಿಯ ಸರ್ಕಾರ ಹಣ ತೆತ್ತು ಅಲ್ಲಿನ ಸುಮಾರು 33,000 ರಾಜಕೀಯ ಕೈದಿಗಳನ್ನು ಬಿಡಿಸಿಕೊಂಡಿತು. ಮನುಷ್ಯರು ರಫ್ತಿನ ಸರಕಾಗಿದ್ದರು. ನಾಜಿ ಜರ್ಮನಿ 1941ರವರೆಗೆ ಇನ್ನೊಂದು ಬಗೆಯದು. ಅದು ಯೆಹೂದಿಗಳನ್ನು ಹೊರಗಟ್ಟಲು ಬಯಸುತ್ತಿತ್ತು, ಆದರೆ ಬರಿಗೈಯಲ್ಲಿ.

ದೇಶ ಬಿಡುವವರ ಮೇಲಿನ ‘ಪಲಾಯನ ತೆರಿಗೆ’ ಹಿಟ್ಲರನ ಆವಿಷ್ಕಾರವಲ್ಲ. ಆರ್ಥಿಕ ಕುಸಿತದ ನಡುವೆ ಬಂಡವಾಳ ಹೊರಹೋಗದಿರಲೆಂದು ಅವನಿಗಿಂತ ಮೊದಲಿನ ಸರ್ಕಾರ 1931ರ ಡಿಸೆಂಬರಿನಲ್ಲಿ ತಂದ ಕಾನೂನು ಅದು. 2 ಲಕ್ಷ ಮಾರ್ಕಿಗಿಂತ ಹೆಚ್ಚು ಆಸ್ತಿಯಿದ್ದವರು ಅದರ ಶೇ. 25ರಷ್ಟನ್ನು ಕಟ್ಟಿ ಹೋಗಬೇಕಾಗಿತ್ತು. ನಾಜಿಗಳು ಅದನ್ನು ಹಾಗೆಯೇ ಇಟ್ಟುಕೊಂಡು 1934ರಲ್ಲಿ ಮಿತಿಯನ್ನು 50,000 ಮಾರ್ಕಿಗೆ ಇಳಿಸಿದರು. ಶ್ರೀಮಂತರಿಗಾಗಿ ಹೆಣೆದ ಬಲೆಗೆ ಸ್ವಂತ ಮನೆ, ಒಂದು ಅಂಗಡಿ ಇದ್ದ ಮಧ್ಯಮ ವರ್ಗದವರೂ ಬಿದ್ದರು. ಹೊಸ ಕಾನೂನಿಗಿಂತ ಹಳೆಯ ಕಾನೂನಿನ ಒಂದು ಅಂಕಿಯನ್ನು ತಿದ್ದುವುದು ಎಷ್ಟು ಸುಲಭ, ಎಷ್ಟು ಸದ್ದಿಲ್ಲದ ಕೆಲಸ ಎಂಬುದನ್ನು ಇಲ್ಲಿ ಗಮನಿಸಬೇಕು.

ತೆರಿಗೆ ಕಟ್ಟಿ ಉಳಿದ ಹಣವಾದರೂ ಕೈಗೆ ಸಿಗುತ್ತಿತ್ತೆ? ಅದು ನಿರ್ಬಂಧಿತ ಖಾತೆಗೆ ಹೋಗುತ್ತಿತ್ತು. ಅಲ್ಲಿಂದ ವಿದೇಶಿ ಹಣವಾಗಿ ಬದಲಾಯಿಸಿಕೊಳ್ಳಬೇಕಾದರೆ ಸರ್ಕಾರಿ ಬ್ಯಾಂಕು ಹೇಳಿದ ದರಕ್ಕೆ ಒಪ್ಪಬೇಕು. ಆ ದರ ವರ್ಷದಿಂದ ವರ್ಷಕ್ಕೆ ಕುಸಿದು, 1939ರ ಸೆಪ್ಟೆಂಬರಿನ ಹೊತ್ತಿಗೆ ನಷ್ಟ ಶೇ. 96ಕ್ಕೆ ಮುಟ್ಟಿತ್ತು. 100 ಮಾರ್ಕ್ ಇಟ್ಟವರ ಕೈಗೆ 4 ಮಾರ್ಕಿನ ಬೆಲೆ. 1938ರ ನವೆಂಬರ್ 9ರ ರಾತ್ರಿ ಪ್ರಾರ್ಥನಾ ಮಂದಿರಗಳನ್ನು ಸುಟ್ಟು ಅಂಗಡಿಗಳನ್ನು ಒಡೆದವರು ನಾಜಿಗಳು. ಅದಕ್ಕೆ 100 ಕೋಟಿ ಮಾರ್ಕ್ ದಂಡ ಬಿದ್ದದ್ದು ಯೆಹೂದಿಗಳ ಮೇಲೆ. 1939ರ ಆರಂಭದಲ್ಲಿ ಮನೆಯ ಚಿನ್ನ, ಬೆಳ್ಳಿಯನ್ನೆಲ್ಲ ಸರ್ಕಾರದ ಗಿರವಿ ಕಚೇರಿಗೆ ಒಪ್ಪಿಸಬೇಕೆಂಬ ಆಜ್ಞೆ ಬಂತು. ಉಳಿಸಿಕೊಳ್ಳಲು ಬಿಟ್ಟದ್ದು ಮದುವೆಯ ಉಂಗುರ, ಒಂದು ಗಡಿಯಾರ, ಊಟದ ಮೇಜಿನ ಎರಡು ಜೊತೆ ಬೆಳ್ಳಿ ಚಮಚ-ಚಾಕು. ತೀರಿಹೋದ ಗಂಡನ ಅಥವಾ ಹೆಂಡತಿಯ ಉಂಗುರವನ್ನೂ ಇಟ್ಟುಕೊಳ್ಳಬಹುದು ಎಂದು ನಿಯಮದಲ್ಲಿ ಬರೆದಿತ್ತು. ಆ ವಾಕ್ಯವನ್ನು ಬರೆದ ಗುಮಾಸ್ತ ತನ್ನನ್ನು ದಯಾಳು ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಗಡಿ ದಾಟುವಾಗ ಜೇಬಿನಲ್ಲಿ 10 ಮಾರ್ಕ್. ಜೊತೆಗೆ ತೆರಿಗೆ ಕಚೇರಿಯ ಬೇಬಾಕಿ ಪತ್ರ. ಸಾಮಾನುಗಳ ಪಟ್ಟಿಯನ್ನು ಮುಂಚಿತವಾಗಿ ಕೊಟ್ಟು ಒಪ್ಪಿಗೆ ಪಡೆಯಬೇಕು. ಎಷ್ಟೋ ಕುಟುಂಬಗಳು ಮೊದಲು ಸಾಮಾನು ಕಳಿಸಿ ಆಮೇಲೆ ತಾವು ಹೊರಟವು. ಹ್ಯಾಂಬರ್ಗ್ ಬಂದರಿನಲ್ಲಿ ಯುದ್ಧದಿಂದಾಗಿ ಉಳಿದುಹೋದ ಅವರ ಮಂಚ, ಮೇಜು, ಪಾತ್ರೆಗಳನ್ನು 1941ರ ನಂತರ ಬಹಿರಂಗ ಹರಾಜು ಹಾಕಿದರು. ಕೊಂಡವರು ಆ ಊರಿನ ಸಾಮಾನ್ಯ ಜನ.

ಈ ಲೂಟಿಗೆ ಒಂದು ಕಾರ್ಖಾನೆಯ ರೂಪವೂ ಬಂತು. 1938ರ ಮಾರ್ಚಿನಲ್ಲಿ ಆಸ್ಟ್ರಿಯಾ ಜರ್ಮನಿಯ ವಶವಾದ ಮೇಲೆ, ಆಗಸ್ಟ್ ತಿಂಗಳಲ್ಲಿ ನಾಜಿ ಅಧಿಕಾರಿ ಅಡಾಲ್ಫ್ ಐಖ್‌ಮನ್ ವಿಯೆನ್ನಾದಲ್ಲಿ ವಲಸೆ ಕಚೇರಿಯೊಂದನ್ನು ತೆರೆದ. ಅದಕ್ಕೆ ಬಳಸಿದ್ದು ರಾಥ್‌ಸ್ಚೈಲ್ಡ್ ಮನೆತನದಿಂದ ಕಿತ್ತುಕೊಂಡ ಅರಮನೆ. ಒಂದು ಬಾಗಿಲಿನಿಂದ ಆಸ್ತಿ, ಕೆಲಸ, ಪೌರತ್ವ ಎಲ್ಲ ಇದ್ದ ಮನುಷ್ಯ ಒಳಗೆ ಹೋಗುತ್ತಿದ್ದ. ಮೇಜಿನಿಂದ ಮೇಜಿಗೆ ಸಾಗಿ, ಇನ್ನೊಂದು ಬಾಗಿಲಿನಿಂದ ಪಾಸ್‌ಪೋರ್ಟ್ ಒಂದನ್ನು ಬಿಟ್ಟು ಬೇರೇನೂ ಇಲ್ಲದೆ, ಇಷ್ಟು ದಿನದೊಳಗೆ ದೇಶ ಬಿಡಬೇಕೆಂಬ ಗಡುವಿನೊಂದಿಗೆ ಹೊರಬರುತ್ತಿದ್ದ. ಪಾಸ್‌ಪೋರ್ಟಿನ ಮೇಲೆ 1938ರ ಅಕ್ಟೋಬರಿನಿಂದ ಕೆಂಪು ಶಾಯಿಯ ‘ಜೆ’ ಅಕ್ಷರ ಬಿತ್ತು. ಈ ಗುರುತಿಗೆ ಕಾರಣವಾದ ಮಾತುಕತೆಯ ಇನ್ನೊಂದು ಪಕ್ಷ ಸ್ವಿಟ್ಜರ್ಲೆಂಡ್. ಬರುವ ಜರ್ಮನರಲ್ಲಿ ಯಾರು ಯೆಹೂದಿ ಎಂದು ಗಡಿಯಲ್ಲೇ ತಿಳಿಯಬೇಕೆಂದು ಅದಕ್ಕೆ ಆತುರವಾಗಿತ್ತು.

ಬರಿಗೈ ಎಂಬ ಅಪರಾಧ

ಈಗ ಬಾಗಿಲಿನ ಆಚೆ ಬದಿಗೆ ಹೋಗೋಣ. ಅಲ್ಲಿ ನಿಂತವರ ಪ್ರಶ್ನೆ ಒಂದೇ: ಬಂದಮೇಲೆ ಇವರ ಹೊಟ್ಟೆಗೆ ಯಾರು ಹಾಕುತ್ತಾರೆ? ಜರ್ಮನಿ ಎಲ್ಲವನ್ನೂ ಕಿತ್ತುಕೊಂಡು ಕಳಿಸುತ್ತಿತ್ತು. ಉಳಿದ ದೇಶಗಳು ನಿಮ್ಮ ಬಳಿ ಏನೂ ಇಲ್ಲವಲ್ಲ ಎಂದು ತಡೆಯುತ್ತಿದ್ದವು. ಎರಡೂ ಕೈಗಳು ಒಪ್ಪಂದ ಮಾಡಿಕೊಂಡಿರಲಿಲ್ಲ. ಒಪ್ಪಂದವಿದ್ದರೂ ಪರಿಣಾಮ ಇಷ್ಟು ಕರಾರುವಾಕ್ಕಾಗಿ ಇರುತ್ತಿರಲಿಲ್ಲವೇನೋ.

ಇನ್ನೊಂದು ವಿಷಯ ಇಂದಿನ ಓದುಗರಿಗೆ ಹೊಳೆಯುವುದು ಕಷ್ಟ. ಪ್ರಾಣಭಯದಿಂದ ಬಂದವರನ್ನು ವಾಪಸು ಅಟ್ಟಬಾರದು ಎಂಬ ನಿರಾಶ್ರಿತರ ಒಡಂಬಡಿಕೆ ಆಗಿದ್ದು 1951ರಲ್ಲಿ. ಅಮೆರಿಕದ ಕಾನೂನಿನಲ್ಲಿ ಆಗ ನಿರಾಶ್ರಿತ ಎಂಬ ಪ್ರತ್ಯೇಕ ವರ್ಗವೇ ಇರಲಿಲ್ಲ. ಪ್ರಾಣ ಉಳಿಸಿಕೊಳ್ಳಲು ಬಂದವರೂ ಕೂಲಿ ಹುಡುಕಿಕೊಂಡು ಬಂದವರೂ ಒಂದೇ ಸಾಲು. 1924ರ ವಲಸೆ ಕಾನೂನು ಹುಟ್ಟಿದ ದೇಶದ ಲೆಕ್ಕದಲ್ಲಿ ವರ್ಷಕ್ಕಿಷ್ಟು ಎಂದು ಮಿತಿ ಹಾಕಿತ್ತು. ಜರ್ಮನಿಯ ಪಾಲು 25,957. ಆಸ್ಟ್ರಿಯಾ ಸೇರಿದ ಮೇಲೆ 27,370.

ಆ ಮಿತಿಯಾದರೂ ಪೂರ್ತಿ ಬಳಕೆಯಾಯಿತೆ ಎಂದರೆ, ನಾಜಿ ಆಡಳಿತದ ಮೊದಲ ವರ್ಷಗಳಲ್ಲಿ ಇಲ್ಲ, ತುಂಬಿದ್ದು 1939ರಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ‘ಸಾರ್ವಜನಿಕರಿಗೆ ಹೊರೆಯಾಗುವ ಸಂಭವವಿದ್ದವರಿಗೆ’ ವೀಸಾ ಕೊಡಬಾರದು ಎಂಬ ಹಳೆಯ ಮಾತೊಂದನ್ನು 1930ರಿಂದ ಬಿಗಿಯಾಗಿ ಅನ್ವಯಿಸಲಾಯಿತು. ಯಾರು ಹೊರೆ, ಯಾರು ಅಲ್ಲ ಎಂದು ತೀರ್ಮಾನಿಸುವುದು ಆಯಾ ಊರಿನ ಅಮೆರಿಕನ್ ಕಾನ್ಸುಲ್ ಕಚೇರಿಯ ಅಧಿಕಾರಿಗೆ ಬಿಟ್ಟದ್ದು.

ಹೊರೆಯಾಗುವುದಿಲ್ಲ ಎಂದು ತೋರಿಸಲು ದಾರಿ ಒಂದೇ, ಅಫಿಡವಿಟ್. ಅಮೆರಿಕದಲ್ಲಿರುವ ಯಾರಾದರೂ ಇವರ ಖರ್ಚು ನನ್ನದು ಎಂದು ಪ್ರಮಾಣ ಮಾಡಿ, ತಮ್ಮ ತೆರಿಗೆ ವಿವರ, ಬ್ಯಾಂಕಿನ ಲೆಕ್ಕ, ಸಂಬಳದ ಪತ್ರ ಲಗತ್ತಿಸಿ ಕಳಿಸಬೇಕು. ದೂರದ ನಂಟನಾದರೆ ಇಷ್ಟೊಂದು ಜವಾಬ್ದಾರಿ ನೀನೇಕೆ ಹೊರುತ್ತೀಯ ಎಂದು ಸಂಶಯ. ಹತ್ತಿರದ ನಂಟನಾದರೆ ಅವನೂ ನಿನ್ನೆ ಮೊನ್ನೆ ಬಂದವನು, ಅವನ ಬಳಿ ದುಡ್ಡಿಲ್ಲ. ಅಮೆರಿಕದ ದೂರವಾಣಿ ಪುಸ್ತಕಗಳನ್ನು ತೆರೆದು ತಮ್ಮದೇ ಮನೆತನದ ಹೆಸರಿನವರಿಗೆ, ಮುಖ ನೋಡದವರಿಗೆ, ಪತ್ರ ಬರೆದವರಿದ್ದಾರೆ.

ಇದಾದ ಮೇಲೆ ಕಾಗದಗಳ ಸರಪಳಿ. ಹುಟ್ಟಿದ ಪ್ರಮಾಣಪತ್ರ. ಪೊಲೀಸರಿಂದ ಸನ್ನಡತೆಯ ಪತ್ರ, ಅಂದರೆ ಯಾರಿಂದ ಓಡಿಹೋಗುತ್ತಿದ್ದರೋ ಅವರಿಂದಲೇ. ವೈದ್ಯರ ತಪಾಸಣೆ. ಸರತಿಯ ಸಂಖ್ಯೆ. ಹಡಗಿನ ಟಿಕೆಟ್. ದಾರಿಯಲ್ಲಿ ಸಿಗುವ ಪ್ರತಿ ದೇಶದ ಹಾದುಹೋಗುವ ವೀಸಾ. ಮುಂದಿನ ದೇಶದ ವೀಸಾ ತೋರಿಸದಿದ್ದರೆ ಅದೂ ಸಿಗದು. ಕೊನೆಗೆ ಹೊರಹೋಗುವ ಪರವಾನಗಿ. ಒಂದೊಂದಕ್ಕೂ ಅದರದೇ ಅವಧಿ. ಅಮೆರಿಕದ ವೀಸಾಕ್ಕೆ ನಾಲ್ಕು ತಿಂಗಳ ಆಯುಸ್ಸು. ಅದು ಕೈಗೆ ಬರುವ ಹೊತ್ತಿಗೆ ಸನ್ನಡತೆಯ ಪತ್ರ ಹಳತಾಗಿರುತ್ತಿತ್ತು. ಅದನ್ನು ನವೀಕರಿಸುವ ಹೊತ್ತಿಗೆ ಹಡಗು ಹೊರಟಿರುತ್ತಿತ್ತು. ಇನ್ನೊಂದು ಹಡಗಿಗೆ ಕಾಯುವ ಹೊತ್ತಿಗೆ ವೀಸಾದ ಅವಧಿ ಮುಗಿದಿರುತ್ತಿತ್ತು. ಎಲ್ಲವೂ ಒಂದೇ ವಾರದಲ್ಲಿ ಏಕಕಾಲಕ್ಕೆ ಜೀವಂತವಾಗಿರಬೇಕು, ಅದೂ ಮನೆಯ ಪ್ರತಿಯೊಬ್ಬರ ಹೆಸರಿನಲ್ಲಿ.

ಒಂದು ಕೊಂಡಿ ಕಳಚಿದರೆ ಏನಾಗುತ್ತಿತ್ತು ಎಂಬುದಕ್ಕೆ ಜರ್ಮನ್ ಯೆಹೂದಿ ಚಿಂತಕ ವಾಲ್ಟರ್ ಬೆಂಜಮಿನ್ ಅವರ ಕೊನೆಯ ದಿನ ಸಾಕು. 1940ರ ಸೆಪ್ಟೆಂಬರಿನಲ್ಲಿ ಅವರ ಬಳಿ ಅಮೆರಿಕದ ವೀಸಾ ಇತ್ತು. ಸ್ಪೇನ್, ಪೋರ್ಚುಗಲ್ ಹಾದುಹೋಗುವ ವೀಸಾಗಳೂ ಇದ್ದವು. ಇಲ್ಲದಿದ್ದದ್ದು ಫ್ರಾನ್ಸಿನಿಂದ ಹೊರಹೋಗುವ ಪರವಾನಗಿ. ಹೃದಯ ಕಾಯಿಲೆಯ ಆ ಮನುಷ್ಯ ಪಿರನೀಸ್ ಬೆಟ್ಟವನ್ನು ಕಾಲುನಡಿಗೆಯಲ್ಲಿ ಹತ್ತಿಳಿದು ಪೋರ್ಟ್‌ಬೋ ಎಂಬ ಸ್ಪೇನಿನ ಗಡಿಯೂರು ತಲುಪಿದರು. ಪರವಾನಗಿಯಿಲ್ಲದವರನ್ನು ಹಿಂದಕ್ಕೆ ಕಳಿಸಬೇಕೆಂಬ ಆದೇಶ ಅಷ್ಟರಲ್ಲಿ ಅಲ್ಲಿಗೆ ಮುಟ್ಟಿತ್ತು. ಅಂದು ರಾತ್ರಿ ಅವರು ತಮ್ಮ ಜೀವ ತೆಗೆದುಕೊಂಡರು. ಅವರೊಡನೆ ಬಂದಿದ್ದವರನ್ನು ಆಮೇಲೆ ಮುಂದೆ ಹೋಗಲು ಬಿಟ್ಟರು.

ಉಳಿದ ದೇಶಗಳ ಕಥೆಯನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅವು ಹೇಳಿದ್ದೂ ಚುಟುಕಾಗಿಯೇ. 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್ ಪಟ್ಟಣದಲ್ಲಿ 32 ದೇಶಗಳು ಸಭೆ ಸೇರಿದವು. ಬಹುತೇಕ ಎಲ್ಲರೂ ಸಹಾನುಭೂತಿ ಸೂಚಿಸಿ ಕ್ಷಮೆ ಕೋರಿದರು. ಹೆಚ್ಚು ಜನರನ್ನು ಸೇರಿಸಿಕೊಳ್ಳಲು ಸಿದ್ಧವೆಂದದ್ದು ಡೊಮಿನಿಕನ್ ಗಣರಾಜ್ಯ. 1939ರ ಮೇ ತಿಂಗಳಲ್ಲಿ ಬ್ರಿಟನ್ ತನ್ನ ಆಡಳಿತದಲ್ಲಿದ್ದ ಪ್ಯಾಲೆಸ್ತೀನಿಗೆ ಬರುವ ಯೆಹೂದಿಗಳಿಗೆ ಐದು ವರ್ಷಕ್ಕೆ 75,000 ಎಂದು ಮಿತಿ ಹಾಕಿತು. ಅದೇ ತಿಂಗಳು ಹ್ಯಾಂಬರ್ಗಿನಿಂದ 937 ಪ್ರಯಾಣಿಕರನ್ನು ಹೊತ್ತು ಹೊರಟ ‘ಸೇಂಟ್ ಲೂಯಿಸ್’ ಹಡಗಿನಲ್ಲಿ ಕ್ಯೂಬಾ ಇಳಿಯಲು ಬಿಟ್ಟದ್ದು 28 ಮಂದಿಯನ್ನು. ಫ್ಲೋರಿಡಾದ ದೀಪಗಳು ಕಾಣುವಷ್ಟು ಹತ್ತಿರ ಸುತ್ತಾಡಿದ ಹಡಗು ಯುರೋಪಿಗೇ ಮರಳಿತು. ಮರಳಿದವರಲ್ಲಿ 254 ಮಂದಿ ಮುಂದೆ ನರಮೇಧದಲ್ಲಿ ಸತ್ತರು. ವೀಸಾ ಕೇಳದೆ ಇಳಿಯಬಹುದಾಗಿದ್ದ ದೊಡ್ಡ ಊರೆಂದರೆ ಚೀನಾದ ಶಾಂಘಾಯ್. ಸುಮಾರು 17,000ಕ್ಕೂ ಹೆಚ್ಚು ಜನ ಅಲ್ಲಿಗೆ ಹೋದರು.

ಯಾರು ಮೊದಲು, ಯಾರು ಆಮೇಲೆ

ಒಬ್ಬಂಟಿ ಯುವಕನೊಬ್ಬ ಹೊರಡುವುದು ಬೇರೆ, ಸಂಸಾರ ಹೊರಡುವುದು ಬೇರೆ. ಮನೆಯಲ್ಲಿ ಐದು ಜನರಿದ್ದರೆ ಐದು ಸರಪಳಿ, ಮತ್ತು ಅವುಗಳಲ್ಲಿ ಅತ್ಯಂತ ದುರ್ಬಲವಾದದ್ದು ಇಡೀ ಮನೆಯ ಗತಿಯನ್ನು ತೀರ್ಮಾನಿಸುತ್ತಿತ್ತು. ಅದು ಸಾಮಾನ್ಯವಾಗಿ ಅಜ್ಜಿಯದು. ವಯಸ್ಸಾದವರು, ಕಾಯಿಲೆಯವರು ದುಡಿಯಲಾರರು. ಅಂಥವರು ‘ಹೊರೆ’ ಎಂಬುದರಲ್ಲಿ ಯಾವ ಅಧಿಕಾರಿಗೂ ಅನುಮಾನವಿರಲಿಲ್ಲ.

ಹಾಗಾಗಿ ಮುಂದೆ ಹೋದವನು ಆಮೇಲೆ ಉಳಿದವರನ್ನು ಕರೆಸಿಕೊಳ್ಳುವುದು ಎಂಬ ಲೆಕ್ಕಾಚಾರ ನಡೆಯಿತು. ಕಾಗದದ ಮೇಲೆ ಅದು ಜಾಣ ಲೆಕ್ಕಾಚಾರ. ಅಮೆರಿಕದ ಪೌರನ ಹೆಂಡತಿ ಮತ್ತು ಚಿಕ್ಕ ಮಕ್ಕಳಿಗೆ ವಾರ್ಷಿಕ ಮಿತಿ ಅನ್ವಯಿಸುತ್ತಿರಲಿಲ್ಲ. ತಂದೆತಾಯಿಗೆ ಸಾಲಿನಲ್ಲಿ ಆದ್ಯತೆ ಇತ್ತು. ಆದರೆ ಪೌರನಾಗಲು ಅಲ್ಲಿ ಐದು ವರ್ಷ ವಾಸವಿರಬೇಕು. 1938ರಲ್ಲಿ ಹೋದ ಮಗ 1943ಕ್ಕೆ ಪೌರನಾಗುತ್ತಾನೆ. 1943ರಲ್ಲಿ ಅವನ ತಾಯಿ ಎಲ್ಲಿರುತ್ತಾಳೆ?

ತಡ ಮಾಡಿದವರೂ ಇದ್ದರು, ಸುಳ್ಳೇಕೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ಕಾದಾಡಿದ ಗಂಡಸರಿಗೆ ದೇಶ ತಮ್ಮನ್ನು ಕೈಬಿಡದು ಎಂಬ ನಂಬಿಕೆ ಗಟ್ಟಿಯಾಗಿತ್ತು. ಒಟ್ಟೊ ಫ್ರಾಂಕ್ ಕೂಡ ಆ ಯುದ್ಧದಲ್ಲಿ ಸೇನಾಧಿಕಾರಿಯಾಗಿದ್ದವರೇ. 1933ರ ಏಪ್ರಿಲ್ 7ರ ಕಾನೂನು ಯೆಹೂದಿಗಳನ್ನು ಸರ್ಕಾರಿ ನೌಕರಿಯಿಂದ ಕಿತ್ತಾಗ ಮಾಜಿ ಸೈನಿಕರಿಗೆ ವಿನಾಯಿತಿ ಇತ್ತು. 1935ರಲ್ಲಿ ಅದೂ ಹೋಯಿತು. ವಿನಾಯಿತಿ ಎಂಬುದು ಎಷ್ಟೋ ಮನೆಗಳಲ್ಲಿ ಎರಡು ಅಮೂಲ್ಯ ವರ್ಷಗಳನ್ನು ನುಂಗಿತು. ಹೆಂಗಸರು ಬೇಗ ಹೊರಡೋಣವೆಂದು ಹಟ ಹಿಡಿದ ಮನೆಗಳು ಹೆಚ್ಚು ಎಂದು ಇತಿಹಾಸಕಾರರು ಹೇಳುತ್ತಾರೆ. ನನಗಿದು ಸಹಜವೆನಿಸುತ್ತದೆ. ಗಂಡಸು ಕಚೇರಿ, ವಕೀಲಿಕೆ, ವ್ಯಾಪಾರದ ಲೆಕ್ಕ ನೋಡುತ್ತಿದ್ದ. ಹಾಲಿನಂಗಡಿಯಲ್ಲಿ ಮಾತು ನಿಂತದ್ದು, ಶಾಲೆಯಿಂದ ಮಗು ಅಳುತ್ತ ಬಂದದ್ದು, ಪಕ್ಕದ ಮನೆಯವಳು ಕಿಟಕಿ ಮುಚ್ಚಿದ್ದು ಹೆಂಗಸಿನ ಕಣ್ಣಿಗೆ ಮೊದಲು ಬಿದ್ದಿರಬೇಕು.

1938ರ ನವೆಂಬರ್ ಈ ವಾದವಿವಾದವನ್ನೆಲ್ಲ ಮುಗಿಸಿತು. ಸುಮಾರು 30,000 ಯೆಹೂದಿ ಗಂಡಸರನ್ನು ಹಿಡಿದು ಡಾಖಾವ್, ಬುಖನ್‌ವಾಲ್ಡ್, ಸಾಕ್ಸನ್‌ಹೌಸನ್ ಶಿಬಿರಗಳಿಗೆ ತಳ್ಳಿದರು. ದೇಶ ಬಿಡುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟರೆ ಬಿಡುಗಡೆ. ಅದಕ್ಕೆ ವೀಸಾ ಇಲ್ಲವೇ ಹಡಗಿನ ಟಿಕೆಟ್ ತೋರಿಸಬೇಕು, ಮತ್ತು ಅದನ್ನು ಸಂಪಾದಿಸಬೇಕಾದವರು ಹೊರಗಿದ್ದ ಹೆಂಡತಿಯರು. ಕಾನ್ಸುಲ್ ಕಚೇರಿಗಳ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತವರು ಅವರೇ. ಶಾಂಘಾಯ್ ಟಿಕೆಟ್ ಹೆಚ್ಚು ಬಿಕರಿಯಾದದ್ದು ಈ ದಿನಗಳಲ್ಲಿ. 1939ರ ನಡುವಿನ ಹೊತ್ತಿಗೆ ಅಮೆರಿಕದ ವೀಸಾಕ್ಕಾಗಿ ಜರ್ಮನ್ ಕೋಟಾದಲ್ಲಿ ಹೆಸರು ಬರೆಸಿ ಕಾಯುತ್ತಿದ್ದವರು 3 ಲಕ್ಷ ದಾಟಿದ್ದರು. ವರ್ಷಕ್ಕೆ 27,370ರ ಲೆಕ್ಕದಲ್ಲಿ ಸಾಲಿನ ಕೊನೆಯವನ ಸರದಿ ಬರಲು ಹನ್ನೊಂದು ವರ್ಷ ಬೇಕು.

ಬ್ರಿಟನ್ ಆ ಹೊತ್ತಿನಲ್ಲಿ ಒಂದು ಕಿಟಕಿ ತೆರೆಯಿತು, ಮಕ್ಕಳಿಗೆ ಮಾತ್ರ. 17 ವರ್ಷದೊಳಗಿನವರು ಬರಬಹುದು, ತಲಾ 50 ಪೌಂಡ್ ಖಾತರಿ ಬೇಕು, ತಂದೆತಾಯಿ ಬರುವಂತಿಲ್ಲ. 1938ರ ಡಿಸೆಂಬರ್ 2ರಂದು ಮೊದಲ ತಂಡ ಹಾರಿಜ್ ಬಂದರಿನಲ್ಲಿ ಇಳಿಯಿತು. ಯುದ್ಧ ಶುರುವಾಗುವವರೆಗೆ ಸುಮಾರು 10,000 ಮಕ್ಕಳು ಬಂದರು. ಕೊರಳಿಗೆ ಸಂಖ್ಯೆಯ ಚೀಟಿ, ಕೈಯಲ್ಲಿ ಸಣ್ಣ ಪೆಟ್ಟಿಗೆ. ಇದನ್ನು ಉದಾರತೆಯ ಕಥೆಯಾಗಿ ಹೇಳುವುದು ವಾಡಿಕೆ. ಉದಾರತೆ ಹೌದು, ಆದರೆ ತಾಯಿಯನ್ನು ಬಿಟ್ಟು ಮಗುವನ್ನು ಮಾತ್ರ ಸೇರಿಸಿಕೊಳ್ಳುವ ಉದಾರತೆಗೆ ಏನೆನ್ನಬೇಕೋ ತಿಳಿಯದು. ವಯಸ್ಕ ಹೆಂಗಸರಿಗಿದ್ದ ಮುಖ್ಯ ದಾರಿ ಮನೆಗೆಲಸದ ಪರವಾನಗಿ. ಸುಮಾರು 20,000 ಹೆಂಗಸರು ಹೀಗೆ ಬ್ರಿಟನ್ನಿಗೆ ಹೋದರು. ತಮ್ಮ ಮನೆಯಲ್ಲಿ ಕೆಲಸದವರನ್ನು ಇಟ್ಟುಕೊಂಡಿದ್ದವರು ಅನ್ಯರ ಮನೆಯ ಒಲೆ ಉರಿಸಿದರು. ಮೊದಲೇ ಬಂದಿದ್ದ ಮಕ್ಕಳು ಹರಕು ಮುರುಕು ಇಂಗ್ಲಿಷಿನಲ್ಲಿ ಬಾಗಿಲು ಬಾಗಿಲಿಗೆ ಹೋಗಿ, ನಮ್ಮ ಅಮ್ಮನಿಗೆ ಅಡುಗೆ ಕೆಲಸ ಕೊಡಿ, ಅಪ್ಪ ತೋಟ ನೋಡಿಕೊಳ್ಳುತ್ತಾರೆ ಎಂದು ಬೇಡಿದ್ದುಂಟು. ಹತ್ತು ಹನ್ನೆರಡು ವರ್ಷದ ಮಗು ಮನೆಯ ಯಜಮಾನನಾಗುವ ಪರಿ ಇದು. ಯುದ್ಧ ಶುರುವಾದ ಮೇಲೆ ಆ ದಾರಿಯೂ ಮುಚ್ಚಿತು. ಉಳಿದದ್ದು ರೆಡ್‌ಕ್ರಾಸ್ ಮೂಲಕ ಹೋಗುವ ಸಂದೇಶ, 25 ಪದ ಮೀರುವಂತಿಲ್ಲ. ತಂದೆತಾಯಿಯ ಕಡೆಯಿಂದ 1942ರ ಹೊತ್ತಿಗೆ ಅದೂ ನಿಂತದ್ದೇ ಎಷ್ಟೋ ಮಕ್ಕಳಿಗೆ ತಿಳಿದ ಸುದ್ದಿ.

ಬೆಂಗಳೂರಿನ ಎರಡು ಹೆಸರು

ಭಾರತವೂ ಈ ನಕ್ಷೆಯಲ್ಲಿದೆ. ಬ್ರಿಟಿಷ್ ಆಡಳಿತ ಇಲ್ಲಿಗೆ ಬಿಟ್ಟುಕೊಂಡವರ ಸಂಖ್ಯೆ ಸಣ್ಣದು. ಇಲ್ಲಿಯೂ ಅದೇ ಷರತ್ತು: ಕೆಲಸ ಇರಬೇಕು, ಇಲ್ಲವೇ ಜಾಮೀನು. ಮುಂಬಯಿಯಲ್ಲಿ 1934ರಲ್ಲಿ ಹುಟ್ಟಿದ ಯೆಹೂದಿ ಪರಿಹಾರ ಸಂಘ ಅನೇಕರಿಗೆ ಆ ಜಾಮೀನು ನಿಂತಿತು. ಜವಾಹರಲಾಲ್ ನೆಹರೂ ಅವರಿಗೆ ಇವರ ಪರವಾಗಿ ಒಲವಿತ್ತು.

ಬೆಂಗಳೂರಿಗೆ ಬಂದವರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಒಬ್ಬರು. 1933ರ ಏಪ್ರಿಲ್‌ನಲ್ಲಿ ಗಾಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆಯಿಂದ ಅಮಾನತಾದ ಬಾರ್ನ್, ಕೇಂಬ್ರಿಜ್‌ನ ತಾತ್ಕಾಲಿಕ ಕೆಲಸದ ನಡುವೆ 1935-36ರ ಚಳಿಗಾಲದಲ್ಲಿ ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಬಾರ್ನ್ ಅವರನ್ನು ಇಲ್ಲೇ ಕಾಯಂ ಪ್ರಾಧ್ಯಾಪಕರನ್ನಾಗಿ ಉಳಿಸಿಕೊಳ್ಳಲು ರಾಮನ್ ಹೆಣಗಿದರು. ಸಭೆಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಎದ್ದು, ಸ್ವದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಬೇಡ ಎಂಬ ಅರ್ಥದ ಮಾತಾಡಿದರೆಂದು ಬಾರ್ನ್ ನೊಂದು ನೆನೆದಿದ್ದಾರೆ. 1936ರಲ್ಲಿ ಅವರಿಗೆ ಎಡಿನ್‌ಬರೋದಲ್ಲಿ ಹುದ್ದೆ ದೊರೆಯಿತು. 1939ರ ಆಗಸ್ಟ್ 31ರಂದು, ಯುದ್ಧದ ಹಿಂದಿನ ದಿನ, ಬ್ರಿಟಿಷ್ ಪೌರತ್ವ ಸಿಕ್ಕಿತು. ಒಂದು ವಾರ ತಡವಾಗಿದ್ದರೆ ಅವರೂ ‘ಶತ್ರು ದೇಶದ ಪ್ರಜೆ’. 1954ರಲ್ಲಿ ನೊಬೆಲ್ ಬಂದದ್ದು ಇದೇ ಎರಡನೇ ದರ್ಜೆಯ ಪರದೇಶಿಗೆ.

ಎರಡನೆಯವರು ಬಾರ್ನ್ ಅವರ ಸೋದರಳಿಯ, ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್. ಜರ್ಮನಿಯಲ್ಲಿ ಕೆಲಸ ಕಳೆದುಕೊಂಡು, ಈಜಿಪ್ಟಿನಲ್ಲಿ ಕೆಲವು ವರ್ಷ ಇದ್ದು, 1939ರಲ್ಲಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರು ವಿನ್ಯಾಸ ಮಾಡಿದ ಕಟ್ಟಡಗಳಿವೆ. ಭುವನೇಶ್ವರ ನಗರದ ಮೂಲ ನಕ್ಷೆ ಅವರದು. ಮಲ್ಲೇಶ್ವರದ ಕಡೆಯಿಂದ ಆ ಆವರಣವನ್ನು ದಾಟಿ ಹೋಗುವ ನಮಗೆ ಅದು ನಿರಾಶ್ರಿತನೊಬ್ಬನ ಕೈಕೆಲಸ ಎಂದು ಹೊಳೆಯುವುದೇ ಇಲ್ಲ. ಮಾವ-ಅಳಿಯ ಇಬ್ಬರಿಗೂ ಕೈಹಿಡಿದದ್ದು ಒಂದೇ: ಬೇರೆ ದೇಶಕ್ಕೆ ಬೇಕಾಗಿದ್ದ ವಿದ್ಯೆ. ದರ್ಜಿ, ಬಟ್ಟೆ ವ್ಯಾಪಾರಿ, ಹಳ್ಳಿಯ ದನದ ದಲ್ಲಾಳಿ ಇಂಥವರಿಗೆ ಯಾವ ರಾಮನ್, ಯಾವ ಮಿರ್ಜಾ ಪತ್ರ ಬರೆಯಬೇಕು?

ಬಂಧುವೇ ಅಡ್ಡಿಯಾದಾಗ

ಆಮ್‌ಸ್ಟರ್‌ಡ್ಯಾಮಿಗೆ ಮರಳೋಣ. ಒಟ್ಟೊ ಫ್ರಾಂಕ್ 1938ರಲ್ಲೇ ರಾಟರ್‌ಡ್ಯಾಮಿನ ಅಮೆರಿಕನ್ ಕಾನ್ಸುಲ್ ಕಚೇರಿಯಲ್ಲಿ ಅರ್ಜಿ ಹಾಕಿದ್ದರು. ಹಾಲೆಂಡಿನಲ್ಲಿ ಇದ್ದರೂ ಹುಟ್ಟಿದ್ದು ಜರ್ಮನಿಯಲ್ಲಿ, ಆದ್ದರಿಂದ ಅವರೂ ಅದೇ ಜರ್ಮನ್ ಸಾಲಿನಲ್ಲಿ. 1940ರ ಮೇ 10ರಂದು ಜರ್ಮನ್ ಸೇನೆ ಹಾಲೆಂಡಿಗೆ ನುಗ್ಗಿತು. ಮೇ 14ರಂದು ರಾಟರ್‌ಡ್ಯಾಮಿನ ಮೇಲೆ ಬಾಂಬು ಬಿದ್ದಾಗ ಕಾನ್ಸುಲ್ ಕಚೇರಿಯ ಕಡತಗಳೂ ಸುಟ್ಟವು. ಎರಡು ವರ್ಷ ಕಾದ ಸರದಿಯ ದಾಖಲೆ ಬೂದಿಯಾಗಿ, ಎಲ್ಲವನ್ನೂ ಮತ್ತೆ ಮೊದಲಿನಿಂದ ಸಲ್ಲಿಸಬೇಕಾಯಿತು.

1941ರ ಏಪ್ರಿಲ್ 30ರಂದು ಒಟ್ಟೊ ತಮ್ಮ ಕಾಲೇಜು ದಿನಗಳ ಗೆಳೆಯ, ಅಮೆರಿಕದ ಪ್ರಭಾವಿ ನೇಥನ್ ಸ್ಟ್ರಾಸ್ ಅವರಿಗೆ ಪತ್ರ ಬರೆದರು. ಸ್ವಾಭಿಮಾನಿ ಮನುಷ್ಯ ಕೈಯೊಡ್ಡುವಾಗ ಬರೆಯುವ ಪತ್ರ ಅದು: ನಮಗೆ ಇಬ್ಬರು ಹೆಣ್ಣುಮಕ್ಕಳಿರುವುದು ನಿನಗೆ ನೆನಪಿರಬಹುದು, ಮುಖ್ಯವಾಗಿ ಅವರಿಗಾಗಿ ಕೇಳುತ್ತಿದ್ದೇನೆ, ನಮ್ಮ ಗತಿ ಅಷ್ಟು ಮುಖ್ಯವಲ್ಲ. ಗೆಳೆಯ ನೆರವಾಗಲು ಒಪ್ಪಿದರು. ಎಡಿತ್ ಅವರ ಸೋದರರಿಬ್ಬರು ಮ್ಯಾಸಚೂಸೆಟ್ಸ್‌ನಲ್ಲಿದ್ದರು. ದೊಡ್ಡ ಸಂಬಳದವರಲ್ಲದ ಅವರು ತಮ್ಮ ಕಡೆಯಿಂದ ಅಫಿಡವಿಟ್ ಹೊಂದಿಸಿದರು. ಹಣ, ಪ್ರಭಾವ, ಬಂಧುಗಳು, ಮುಂದಾಲೋಚನೆ, ಇಂಗ್ಲಿಷ್ ಜ್ಞಾನ: ಸಾವಿರ ಕುಟುಂಬಗಳಲ್ಲಿ ಒಂದಕ್ಕೂ ಒಟ್ಟಾಗಿ ಸಿಗದಿದ್ದ ಅನುಕೂಲಗಳು ಇವರಿಗಿದ್ದವು.

ಅದೇ ವರ್ಷ ಜೂನ್ ತಿಂಗಳಲ್ಲಿ ಅಮೆರಿಕ ಹೊಸ ನಿಯಮ ತಂದಿತು. ಜರ್ಮನಿಯ ಹಿಡಿತದ ನೆಲದಲ್ಲಿ ಹತ್ತಿರದ ಸಂಬಂಧಿಗಳನ್ನು ಬಿಟ್ಟುಬರುವವರಿಗೆ ವೀಸಾ ಇಲ್ಲ. ಕಾರಣ: ಆ ಸಂಬಂಧಿಗಳನ್ನು ಒತ್ತೆಯಿಟ್ಟುಕೊಂಡು ಇವರಿಂದ ಬೇಹುಗಾರಿಕೆ ಮಾಡಿಸಬಹುದು. ಮುಂದೆ ಹೋಗಿ ಆಮೇಲೆ ಮನೆಯವರನ್ನು ಕರೆಸಿಕೊಳ್ಳುವ ಲೆಕ್ಕಾಚಾರವನ್ನು ಈ ಒಂದು ಸಾಲು ತಲೆಕೆಳಗು ಮಾಡಿತು. ಒಬ್ಬನೇ ಹೋಗುತ್ತೇನೆಂದರೆ ಹಿಂದೆ ಉಳಿದ ತಾಯಿಯೇ ಅಡ್ಡಿ. ಎಲ್ಲರೂ ಹೋಗುತ್ತೇವೆಂದರೆ ಎಲ್ಲರಿಗೂ ಕಾಗದ ಇಲ್ಲ. ಅತ್ತ ದರಿ, ಇತ್ತ ಪುಲಿ. ಜುಲೈ ಹೊತ್ತಿಗೆ ಜರ್ಮನ್ ಆಕ್ರಮಿತ ಪ್ರದೇಶದ ಅಮೆರಿಕನ್ ಕಾನ್ಸುಲ್ ಕಚೇರಿಗಳೇ ಮುಚ್ಚಿದವು. ವೀಸಾ ಬೇಕೆಂದರೆ ಸಂದರ್ಶನಕ್ಕೆ ಬೇರೆ ದೇಶಕ್ಕೆ ಹೋಗಬೇಕು. ಬೇರೆ ದೇಶಕ್ಕೆ ಹೋಗಬೇಕೆಂದರೆ ವೀಸಾ ಬೇಕು.

ಒಟ್ಟೊ ಕ್ಯೂಬಾದ ಕಡೆ ತಿರುಗಿದರು. ಮೊದಲು ತಾನೊಬ್ಬ ಹೋಗಿ, ಅಲ್ಲಿಂದ ಮಕ್ಕಳನ್ನು ಕರೆಸಿಕೊಳ್ಳುವ ಯೋಚನೆ. 1941ರ ಅಕ್ಟೋಬರಿನಲ್ಲಿ ಜರ್ಮನಿ ಯೆಹೂದಿಗಳ ವಲಸೆಯನ್ನೇ ನಿಷೇಧಿಸಿತು. ಹೊರಗಟ್ಟುವ ಕಾಲ ಮುಗಿದು ಕೊಲ್ಲುವ ಕಾಲ ಶುರುವಾಗಿತ್ತು. ಡಿಸೆಂಬರ್ 1ರಂದು ಒಟ್ಟೊ ಒಬ್ಬರ ಹೆಸರಿಗೆ ಕ್ಯೂಬಾದ ವೀಸಾ ಮಂಜೂರಾಯಿತು. ಡಿಸೆಂಬರ್ 11ರಂದು ಜರ್ಮನಿ ಅಮೆರಿಕದ ಮೇಲೆ ಯುದ್ಧ ಸಾರಿತು; ವೀಸಾ ರದ್ದಾಯಿತು. ಅದರ ಆಯುಸ್ಸು ಹತ್ತು ದಿನ. ಈ ಪತ್ರವ್ಯವಹಾರದ ಸುಮಾರು 80 ಪುಟಗಳ ಕಡತ ನ್ಯೂಯಾರ್ಕಿನ ದಾಖಲೆ ಸಂಗ್ರಹದಲ್ಲಿ ಮಲಗಿದ್ದು, 2007ರಲ್ಲಿ ಬೆಳಕಿಗೆ ಬಂತು.

1939ರಲ್ಲಿ ಹಾಲೆಂಡ್ ಸರ್ಕಾರ ಜರ್ಮನಿಯಿಂದ ಓಡಿಬಂದ ಯೆಹೂದಿಗಳನ್ನು ಇರಿಸಲೆಂದು ವೆಸ್ಟರ್‌ಬೋರ್ಕ್ ಎಂಬಲ್ಲಿ ಒಂದು ನಿರಾಶ್ರಿತರ ಶಿಬಿರ ಕಟ್ಟಿತ್ತು. 1942ರ ಜುಲೈನಿಂದ ಅದೇ ಶಿಬಿರ ಪೂರ್ವದ ಸಾವಿನ ರೈಲುಗಳಿಗೆ ನಿಲ್ದಾಣವಾಯಿತು. ಹೊಸ ಜಾಗ ಹುಡುಕಬೇಕಾಗಿರಲಿಲ್ಲ.

ಆ ತಿಂಗಳ 5ರಂದು, ಭಾನುವಾರ, ಫ್ರಾಂಕ್ ಮನೆಗೆ ಒಂದು ಪತ್ರ ಬಂತು. 16 ವರ್ಷದ ಮಾರ್ಗೊ ಜರ್ಮನಿಯಲ್ಲಿ ದುಡಿಯಲು ಹಾಜರಾಗಬೇಕೆಂಬ ಕರೆ. ಒಂಬತ್ತು ವರ್ಷಗಳಲ್ಲಿ ಅರ್ಜಿ ಹಾಕದೆ, ಅಫಿಡವಿಟ್ ಇಲ್ಲದೆ, ಸರತಿಯಲ್ಲಿ ನಿಲ್ಲದೆ ಆ ಮನೆಗೆ ಬಂದ ಪ್ರಯಾಣದ ಕಾಗದ ಅದೊಂದೇ. ಮರುದಿನ ಬೆಳಿಗ್ಗೆ ಮಳೆ ಸುರಿಯುತ್ತಿತ್ತು. ಯೆಹೂದಿಗಳು ಟ್ರಾಮ್ ಹತ್ತುವಂತಿರಲಿಲ್ಲ. ಮಾರ್ಗೊ ಸೈಕಲ್ಲಿನಲ್ಲಿ ಮುಂದೆ ಹೋಗಿದ್ದಳು, ಉಳಿದ ಮೂವರು ನಡೆದೇ ಹೊರಟರು. ಹದಿಮೂರರ ಆನ್ ಒಂದರ ಮೇಲೊಂದು ಹಲವು ಜೊತೆ ಬಟ್ಟೆ ತೊಟ್ಟಿದ್ದಳು. ಯೆಹೂದಿಯೊಬ್ಬರು ಪೆಟ್ಟಿಗೆ ಹಿಡಿದು ಬೀದಿಗೆ ಇಳಿಯುವುದು ಆ ಹೊತ್ತಿಗೆ ಸಾಧ್ಯವಿರಲಿಲ್ಲ.